ಸಂಶೋಧನೆಯ ಬಾಗಿಲು: ನಮ್ಮ ತರುಣರಿಗೆ ದಾರಿ ತೋರುವವರಾರು?

ವಿಶ್ವವಿದ್ಯಾನಿಲಯಗಳ ಪರೀಕ್ಷಾಫಲಗಳು ಪ್ರಕಟವಾಗುವ ಕಾಲದಲ್ಲಿ ಪ್ರತಿವರ್ಷವೂ ನಮ್ಮ ಜಿಲ್ಲಾಸ್ಥಳಗಳಲ್ಲಿ ಒಂದೇ ಬಗೆಯ ದೃಶ್ಯವು ಕಂಡುಬರುತ್ತದೆ. ಭೌತಶಾಸ್ತ್ರದಲ್ಲಿಯೋ ರಸಾಯನಶಾಸ್ತ್ರದಲ್ಲಿಯೋ ಜೀವಶಾಸ್ತ್ರದಲ್ಲಿಯೋ ಎಂ.ಎಸ್‌ಸಿ. ಪದವಿಯನ್ನು ಉನ್ನತಶ್ರೇಣಿಯಲ್ಲಿ ಪಡೆದ ತರುಣನೊಬ್ಬನು ಮನೆಗೆ ಹಿಂದಿರುಗುತ್ತಾನೆ. ತಂದೆತಾಯಿಗಳು ಹಿಗ್ಗುತ್ತಾರೆ, ನೆರೆಹೊರೆಯವರು ಅಭಿನಂದಿಸುತ್ತಾರೆ, ಆಮೇಲೆ 'ಮುಂದೇನು?' ಎಂಬ ಪ್ರಶ್ನೆಯು ಹುಟ್ಟುತ್ತದೆ. ಸಂಶೋಧನೆ ಮಾಡಬೇಕೆಂಬ ಹಂಬಲವು ಅವನಲ್ಲಿ ಇಲ್ಲದಿಲ್ಲ. ಆದರೆ ಅದಕ್ಕಾಗಿ ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು, ಯಾವ ತಿಂಗಳಿನಲ್ಲಿ ಅರ್ಜಿ ಹಾಕಬೇಕು, ಊಟ ವಸತಿಗಳ ವೆಚ್ಚವನ್ನು ಕೊಡುವವರಾರು ಎಂಬ ಸಂಗತಿಗಳಲ್ಲಿ ಒಂದನ್ನೂ ಅವನಿಗೆ ಹೇಳಿದವರಿಲ್ಲ. ಅಲ್ಲಿ ಇಲ್ಲಿ ವಿಚಾರಿಸುವಷ್ಟರಲ್ಲಿ ಅರ್ಜಿಯ ಅವಧಿ ಮುಗಿದಿರುತ್ತದೆ. ಒಂದು ವರ್ಷ ಕಳೆಯುತ್ತದೆ, ಎರಡು ವರ್ಷ ಕಳೆಯುತ್ತದೆ. ಕೊನೆಗೆ ಸಿಕ್ಕಿದ ಕೆಲಸಕ್ಕೆ ಸೇರಿ, ಕಲಿತ ವಿದ್ಯೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾನೆ.

ಇದೇ ವೇಳೆಗೆ, ಪ್ರಾಧ್ಯಾಪಕರ ಮನೆಯಲ್ಲಿ ಹುಟ್ಟಿ ರಾಜಧಾನಿಯಲ್ಲಿ ಬೆಳೆದ ಮತ್ತೊಬ್ಬ ವಿದ್ಯಾರ್ಥಿಗೆ ಇವೆಲ್ಲವೂ ಊಟದ ಹೊತ್ತಿನ ಮಾತುಗಳಲ್ಲಿಯೇ ತಿಳಿದುಬಂದಿರುತ್ತವೆ. ಇಬ್ಬರ ಬುದ್ಧಿಶಕ್ತಿಯಲ್ಲಿ ಅಂತರವಿರಬೇಕಾದುದಿಲ್ಲ, ಅಂತರವಿರುವುದು ತಿಳಿವಳಿಕೆಯಲ್ಲಿ. ಕಣಜದಲ್ಲಿ ಧಾನ್ಯವಿದ್ದೂ ಅದರ ಬಾಗಿಲು ಎಲ್ಲಿದೆಯೆಂದು ಅರಿಯದೆ ಹಸಿದು ಕುಳಿತವನಂತೆ ನಮ್ಮ ಗ್ರಾಮಾಂತರದ ತರುಣನ ಸ್ಥಿತಿಯಾಗಿದೆ.

ನಮ್ಮ ನಾಡಿನಲ್ಲಿ ಇದು ವಿಶೇಷವಾಗಿ ವಿಷಾದಕರವೆನ್ನಬೇಕು. ಜಮಶೇಟ್‌ಜಿ ಟಾಟಾರವರ ಸಂಕಲ್ಪದಿಂದಲೂ, ಮೈಸೂರು ಸಂಸ್ಥಾನವು ಉದಾರವಾಗಿ ಕೊಟ್ಟ ಭೂಮಿಯಿಂದಲೂ ಭಾರತೀಯ ವಿಜ್ಞಾನ ಸಂಸ್ಥೆಯು ೧೯೦೯ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಸರ್ ಸಿ. ವಿ. ರಾಮನ್‌ರವರ ಸಂಶೋಧನಾಲಯವು ೧೯೪೮ರಲ್ಲಿ ತಲೆಯೆತ್ತಿತು. ಮೈಸೂರಿನಲ್ಲಿ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯವು ೧೯೫೦ರಲ್ಲಿ ಆರಂಭವಾಯಿತು. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮೊದಲಾದುವೂ ಇಲ್ಲಿಯೇ ಇರುವುವು. ದೇಶದ ನಾನಾ ಕಡೆಗಳಿಂದ ವಿದ್ಯಾರ್ಥಿಗಳು ಇವುಗಳನ್ನು ಹುಡುಕಿಕೊಂಡು ಬರುತ್ತಿರುವರು. ಆದರೆ ಬೀದರಿನ ಅಥವಾ ಚಾಮರಾಜನಗರದ ವಿದ್ಯಾರ್ಥಿಗೆ ಈ ಬಾಗಿಲುಗಳು ಬರ್ಲಿನ್ ನಗರದ ಬಾಗಿಲುಗಳಷ್ಟೇ ದೂರವಾಗಿ ತೋರುವುದಾದರೆ, ಅದು ಅವನ ದೋಷವೆಂದು ಯಾರು ಹೇಳಬಲ್ಲರು?

ಆದುದರಿಂದ ಈ ವಿಷಯವಾಗಿ ತಿಳಿದಿರತಕ್ಕ ಮುಖ್ಯ ಸಂಗತಿಗಳನ್ನು ವಾಚಕರ ಮುಂದಿಡುವುದು ಅಪ್ರಸ್ತುತವಾಗಲಾರದು. ಮನೆಯಲ್ಲಿ ವಿದ್ಯಾರ್ಥಿಗಳಿಲ್ಲದವರೂ ಇದನ್ನು ಓದಿ, ತಮ್ಮ ಬೀದಿಯಲ್ಲಿರುವ ವಿದ್ಯಾರ್ಥಿಗೆ ಹೇಳಬಹುದು.

ಪರೀಕ್ಷೆಗಳ ದಾರಿ

ಮೊದಲು ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ಡಾಕ್ಟರೇಟು ಪದವಿಗಾಗಿ ವಿಜ್ಞಾನದಲ್ಲಿ ಸಂಶೋಧನೆ ಮಾಡುವವನು ತಂದೆಯ ಹಣದಿಂದ ಓದಬೇಕೆಂಬುದು ಸರಿಯಲ್ಲ. ಒಳ್ಳೆಯ ಸಂಸ್ಥೆಗಳಲ್ಲಿ ಅವನಿಗೆ ತಿಂಗಳು ತಿಂಗಳೂ ವೇತನವು ದೊರೆಯುತ್ತದೆ. ಆದರೆ ಸ್ಥಾನ ಬೇರೆ, ವೇತನ ಬೇರೆ. ಈ ಎರಡನ್ನೂ ಸಂಪಾದಿಸಿಕೊಳ್ಳಬೇಕೆಂಬುದನ್ನು ಮರೆಯಬಾರದು.

ವೇತನಕ್ಕೆ ಹೆದ್ದಾರಿಯೆಂದರೆ, ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತೂ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವೂ ಸೇರಿ ಏರ್ಪಡಿಸಿರುವ 'ನೆಟ್' ಎಂಬ ಪರೀಕ್ಷೆ. ಜೂನ್ ಮತ್ತು ಡಿಸೆಂಬರ್ ಅವಧಿಗಳೆಂದು ವರ್ಷಕ್ಕೆರಡು ಬಾರಿ ಇದನ್ನು ನಡೆಸುವುದು ಪದ್ಧತಿ. ಇದರಲ್ಲಿ ಮೇಲಿನ ದರ್ಜೆಯಲ್ಲಿ ತೇರ್ಗಡೆಯಾದವರಿಗೆ ಕಿರಿಯ ಸಂಶೋಧನ ವೃತ್ತಿವೇತನವು ದೊರೆಯುತ್ತದೆ. ೨೦೨೩ರ ಜನವರಿಯಿಂದ ಅನ್ವಯಿಸುವಂತೆ ನಿಗದಿಯಾದ ದರದಲ್ಲಿ ಇದು ಮೊದಲಿನ ಎರಡು ವರ್ಷ ತಿಂಗಳಿಗೆ ೩೭,೦೦೦ ರೂಪಾಯಿ. ಕೆಲಸದ ಪರಿಶೀಲನೆಯಾದ ಬಳಿಕ ಹಿರಿಯ ವೃತ್ತಿವೇತನವಾಗಿ ೪೨,೦೦೦ ರೂಪಾಯಿ. ಮನೆಬಾಡಿಗೆಯ ಭತ್ಯವು ಬೇರೆ. ಇದನ್ನು ಗಳಿಸಿದವನಿಗೆ ಮತ್ತೊಂದು ಅನುಕೂಲವಿದೆ. ಅವನ ವೇತನಕ್ಕೆ ಪ್ರಾಧ್ಯಾಪಕರು ಹಣವನ್ನು ಹುಡುಕಬೇಕಾದುದಿಲ್ಲ. ಆದಕಾರಣ ಅನೇಕ ಪ್ರಯೋಗಶಾಲೆಗಳು ಅವನನ್ನು ಆದರದಿಂದ ಬರಮಾಡಿಕೊಳ್ಳುವುವು.

ಇದೊಂದೇ ದಾರಿಯೆಂದು ತಿಳಿಯಬೇಕಾದುದಿಲ್ಲ. ಎಂಜಿನಿಯರಿಂಗ್ ಮತ್ತು ಅನೇಕ ವಿಜ್ಞಾನ ವಿಷಯಗಳಿಗೆ 'ಗೇಟ್' ಪರೀಕ್ಷೆಯುಂಟು. ಭೌತಶಾಸ್ತ್ರದವರಿಗೆ 'ಜೆಸ್ಟ್' ಎಂಬ ಪರೀಕ್ಷೆಯಿದ್ದು, ಅದರ ಅಂಕಗಳನ್ನು ಅನೇಕ ಸಂಶೋಧನಾಲಯಗಳು ಸಂದರ್ಶನಕ್ಕೆ ಕರೆಯುವಾಗ ಗಮನಿಸುತ್ತವೆ. ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದವರಿಗೆ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ 'ಇನ್‌ಸ್ಪೈರ್' ವೃತ್ತಿವೇತನಕ್ಕೆ ಅರ್ಜಿ ಹಾಕುವ ಅವಕಾಶವಿದೆ. ಪ್ರಥಮ ಸ್ಥಾನದ ಪದಕವನ್ನು ಗೋಡೆಗೆ ತೂಗುಹಾಕಿ ಈ ಅರ್ಜಿಯನ್ನು ಮರೆತವರು ನಮ್ಮಲ್ಲಿ ಇರಬಾರದು. ೨೦೧೮ರಲ್ಲಿ ಘೋಷಿತವಾದ ಪ್ರಧಾನಮಂತ್ರಿ ಸಂಶೋಧನ ವೃತ್ತಿವೇತನವನ್ನು ಮೊದಲಿನ ಎರಡು ವರ್ಷಗಳಿಗೆ ತಿಂಗಳಿಗೆ ೭೦,೦೦೦ ರೂಪಾಯಿಗಳೆಂದು ಗೊತ್ತುಮಾಡಲಾಯಿತು. ಇನ್ನು ಬಿ.ಎಸ್‌ಸಿ. ಮುಗಿಸಿದವರು 'ಜ್ಯಾಮ್' ಪರೀಕ್ಷೆಯ ಮೂಲಕ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆಗಳಲ್ಲಿ ಎಂ.ಎಸ್‌ಸಿ.ಯನ್ನೂ ಪಿಎಚ್.ಡಿ.ಯನ್ನೂ ಒಂದುಗೂಡಿಸಿದ ಸಂಯುಕ್ತ ಪದವಿಗೆ ಸೇರಬಹುದು.

ಇಲ್ಲಿ ಕನ್ನಡಿಗರು ಯೋಚಿಸಬೇಕಾದ ಒಂದು ಸಂಗತಿಯುಂಟು. ವಿಜ್ಞಾನ ವಿಷಯಗಳ ನೆಟ್ ಪರೀಕ್ಷೆಯ ಪ್ರಶ್ನೆಪತ್ರಿಕೆಯು ಇಂಗ್ಲಿಷ್ ಮತ್ತು ಹಿಂದಿ ಭಾಷೆಗಳಲ್ಲಿ ಮಾತ್ರ ಇರುತ್ತದೆ. ಕನ್ನಡದಲ್ಲಿ ಪ್ರೌಢಶಾಲೆಯವರೆಗೆ ಓದಿಬಂದ ವಿದ್ಯಾರ್ಥಿಯು ಶಾಸ್ತ್ರದೊಡನೆ ಭಾಷೆಯನ್ನೂ ಗೆಲ್ಲಬೇಕಾಗಿರುವುದು. ಆ ಅನ್ಯಾಯವು ಸರಿಹೋಗುವವರೆಗೂ ನಾವು ಕೈಕಟ್ಟಿ ಕುಳಿತಿರಲಾಗದು. ಪದವಿ ತರಗತಿಯ ಮೊದಲ ವರ್ಷದಿಂದಲೇ ಅವನಿಗೆ ಇಂಗ್ಲಿಷಿನಲ್ಲಿರುವ ಶಾಸ್ತ್ರಗ್ರಂಥಗಳನ್ನು ಓದುವ ಅಭ್ಯಾಸ ಮಾಡಿಸುವುದು ಕಾಲೇಜುಗಳ ಕರ್ತವ್ಯ.

ಚಿಕ್ಕ ಬಾಗಿಲುಗಳು

ದೊಡ್ಡ ಬಾಗಿಲು ತೆರೆಯದಿದ್ದಾಗ ಚಿಕ್ಕ ಬಾಗಿಲಿನಿಂದ ಒಳಹೊಕ್ಕವರು ಅನೇಕರಿದ್ದಾರೆ. ಪ್ರಾಧ್ಯಾಪಕರೊಬ್ಬರಿಗೆ ಸರ್ಕಾರದಿಂದ ಒಂದು ಸಂಶೋಧನ ಯೋಜನೆಗಾಗಿ ಹಣವು ಮಂಜೂರಾದಾಗ, ಆ ಯೋಜನೆಯ ಅವಧಿಗೆ ಸಹಾಯಕರನ್ನು ನೇಮಿಸಿಕೊಳ್ಳುವ ವಾಡಿಕೆಯಿದೆ. ಸಂಸ್ಥೆಯ ಪ್ರಕಟಣೆಗಳಲ್ಲಿ ಇಂಥ ಜಾಗಗಳು ಅಡಿಗಡಿಗೆ ಕಾಣಿಸಿಕೊಳ್ಳುವುವು. ಅನೇಕ ವೇಳೆ ನೇರವಾಗಿ ಸಂದರ್ಶನಕ್ಕೆ ಹೋದರೆ ಸಾಕು. ಕೆಲಸವು ತಾತ್ಕಾಲಿಕವೆಂಬುದು ನಿಜ. ಆದರೆ ಒಂದು ವರ್ಷ ಪ್ರಯೋಗಶಾಲೆಯಲ್ಲಿ ದುಡಿದವನಿಗೆ ಉಪಕರಣಗಳ ಪರಿಚಯವಾಗುತ್ತದೆ, ಸಂಶೋಧನೆಯು ತನಗೆ ಒಗ್ಗುವುದೋ ಇಲ್ಲವೋ ಎಂಬುದು ತಿಳಿಯುತ್ತದೆ, ತನ್ನ ಕೆಲಸವನ್ನು ಕಣ್ಣಾರೆ ಕಂಡು ಶಿಫಾರಸು ಬರೆಯಬಲ್ಲ ಹಿರಿಯರೊಬ್ಬರು ದೊರೆಯುತ್ತಾರೆ.

ಇದಕ್ಕಿಂತ ಮುಂಚೆಯೇ, ವಿದ್ಯಾರ್ಥಿಯಾಗಿದ್ದಾಗಲೇ ಬೇಸಿಗೆಯ ಎರಡು ತಿಂಗಳನ್ನು ಪ್ರಯೋಗಶಾಲೆಯಲ್ಲಿ ಕಳೆಯುವ ಅವಕಾಶವನ್ನು ನಮ್ಮ ವಿಜ್ಞಾನ ಅಕಾಡೆಮಿಗಳು ಕಲ್ಪಿಸಿವೆ. ಅವುಗಳಲ್ಲೊಂದಾದ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ರಾಮನ್‌ರವರು ೧೯೩೪ರಲ್ಲಿ ಬೆಂಗಳೂರಿನಲ್ಲಿಯೇ ಸ್ಥಾಪಿಸಿದರು. ವಿದ್ಯಾರ್ಥಿಗಳಿಗಷ್ಟೇ ಅಲ್ಲದೆ ಕಾಲೇಜುಗಳ ಅಧ್ಯಾಪಕರಿಗೂ ಈ ಬೇಸಿಗೆಯ ವೃತ್ತಿವೇತನಕ್ಕೆ ಅರ್ಜಿ ಹಾಕುವ ಹಕ್ಕಿದೆಯೆಂಬುದು ನಮ್ಮ ಅಧ್ಯಾಪಕರಲ್ಲಿಯೇ ಎಷ್ಟು ಮಂದಿಗೆ ತಿಳಿದಿದೆ?

ಗುರುವಿನ ಆಯ್ಕೆ

ಸಂಸ್ಥೆಯ ಹೆಸರಿಗೆ ಮರುಳಾಗಿ ಗುರುವನ್ನು ವಿಚಾರಿಸದೆ ಸೇರುವವರು ಬಹಳ. ಇದು ಮನೆತನದ ಹೆಸರನ್ನು ಕೇಳಿ ವರನನ್ನು ನೋಡದೆ ಮದುವೆ ನಿಶ್ಚಯಿಸಿದಂತೆ. ಸಂಸ್ಥೆಯಲ್ಲಿ ನೂರಾರು ಮಂದಿಯಿದ್ದರೂ, ಐದಾರು ವರ್ಷ ಬಾಳುವೆ ಮಾಡಬೇಕಾದುದು ಒಬ್ಬ ಮಾರ್ಗದರ್ಶಕರೊಡನೆ. ಆಯೋಗದ ೨೦೨೨ರ ನಿಯಮಗಳ ಪ್ರಕಾರ ಪ್ರೊಫೆಸರರು ಒಂದು ಕಾಲಕ್ಕೆ ಎಂಟು ಮಂದಿಗೂ, ಸಹಪ್ರಾಧ್ಯಾಪಕರು ಆರು ಮಂದಿಗೂ, ಸಹಾಯಕ ಪ್ರಾಧ್ಯಾಪಕರು ನಾಲ್ವರಿಗೂ ಮೇಲ್ಪಟ್ಟು ಪಿಎಚ್.ಡಿ. ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳುವಂತಿಲ್ಲ. ಆದುದರಿಂದ ಜಾಗವು ಖಾಲಿಯಿದೆಯೇ ಎಂದು ಮೊದಲೇ ಕೇಳುವುದರಲ್ಲಿ ಸಂಕೋಚವಿರಬಾರದು. ಪದವಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷವೆಂದೂ ಅದೇ ನಿಯಮಗಳು ಹೇಳುತ್ತವೆ. ವಿಶೇಷ ಕಾರಣಗಳಿದ್ದಲ್ಲಿ ಮಾತ್ರ ಮುಂದುವರಿಕೆಯುಂಟು.

ಆ ಗುರುಗಳ ಬಳಿ ಹಿಂದೆ ಕೆಲಸ ಮಾಡಿದವರು ಎಷ್ಟು ವರ್ಷಗಳಲ್ಲಿ ಪದವಿ ಪಡೆದರು, ಈಗ ಎಲ್ಲಿದ್ದಾರೆ, ನಡುವೆ ಬಿಟ್ಟುಹೋದವರು ಎಷ್ಟು ಮಂದಿ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಪಡೆಯದೆ ಯಾರೂ ಸೇರತಕ್ಕದ್ದಲ್ಲ. ಉತ್ತರವನ್ನು ಗುರುಗಳಿಂದಲ್ಲ, ಅಲ್ಲಿರುವ ವಿದ್ಯಾರ್ಥಿಗಳಿಂದ ಏಕಾಂತದಲ್ಲಿ ಕೇಳಿ ತಿಳಿಯುವುದು ಮೇಲು.

ಪತ್ರದ ಬಲ

ಸ್ವದೇಶದಲ್ಲಾಗಲಿ ಪರದೇಶದಲ್ಲಾಗಲಿ, ಪರಿಚಯವಿಲ್ಲದ ವಿದ್ವಾಂಸರಿಗೆ ಪತ್ರ ಬರೆಯುವ ಕಲೆಯನ್ನು ನಮ್ಮ ವಿದ್ಯಾರ್ಥಿಗಳು ಕಲಿಯಬೇಕು. ೧೯೧೩ರ ಜನವರಿಯಲ್ಲಿ ಮದರಾಸಿನ ಪೋರ್ಟ್ ಟ್ರಸ್ಟಿನ ಗುಮಾಸ್ತರೊಬ್ಬರು ಕೇಂಬ್ರಿಡ್ಜಿನ ಹಾರ್ಡಿಯವರಿಗೆ ಪತ್ರ ಬರೆದರು. ಅವರಿಗೆ ಪದವಿಯಿರಲಿಲ್ಲ. ಅದಕ್ಕೆ ಮುಂಚೆ ಅಲ್ಲಿಯ ಇನ್ನಿಬ್ಬರು ಗಣಿತಜ್ಞರಿಗೆ ಬರೆದಿದ್ದರೂ ಸಹಾಯ ದೊರೆತಿರಲಿಲ್ಲ. ಆ ಗುಮಾಸ್ತರು ಶ್ರೀನಿವಾಸ ರಾಮಾನುಜನ್‌ರವರು ಎಂಬುದು ಸರ್ವವಿದಿತ. ೧೯೨೪ರಲ್ಲಿ ಢಾಕಾ ವಿಶ್ವವಿದ್ಯಾನಿಲಯದ ಸತ್ಯೇಂದ್ರನಾಥ ಬೋಸರು ತಮ್ಮ ಪ್ರಬಂಧವನ್ನು ಐನ್‌ಸ್ಟೈನರಿಗೆ ಕಳುಹಿಸಿದರು. ಐನ್‌ಸ್ಟೈನರು ತಾವೇ ಅದನ್ನು ಜರ್ಮನ್ ಭಾಷೆಗೆ ಪರಿವರ್ತಿಸಿ ಪ್ರಕಟಪಡಿಸಿದರು. ನೂರು ವರ್ಷಗಳಿಗೂ ಹಿಂದೆ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿತಿದ್ದ ಮೈಕೆಲ್ ಫ್ಯಾರಡೆಯು ಲಂಡನ್ನಿನಲ್ಲಿ ಹಂಫ್ರಿ ಡೇವಿಯವರ ಉಪನ್ಯಾಸಗಳನ್ನು ಕೇಳಿ, ಬರೆದುಕೊಂಡ ಟಿಪ್ಪಣಿಗಳಿಗೆ ತಾನೇ ರಟ್ಟು ಹಾಕಿ ಅವರಿಗೆ ಕಳುಹಿಸಿ, ೧೮೧೩ರಲ್ಲಿ ಪ್ರಯೋಗಶಾಲೆಯ ಸಹಾಯಕನಾದನು.

ಈ ಮೂರು ಪತ್ರಗಳಲ್ಲಿಯೂ ಇದ್ದ ಸಾಮಾನ್ಯಗುಣವಾವುದು? ಅವುಗಳೊಡನೆ ಕೆಲಸವೂ ಹೋಗಿತ್ತು. ರಾಮಾನುಜನ್‌ರವರು ಪ್ರಮೇಯಗಳನ್ನು ಕಳುಹಿಸಿದರು. ಬೋಸರು ಪ್ರಬಂಧವನ್ನು ಕಳುಹಿಸಿದರು. ಫ್ಯಾರಡೆಯು ಟಿಪ್ಪಣಿಗಳನ್ನು ಕಳುಹಿಸಿದನು. ಇಂದು ನಮ್ಮ ವಿದ್ಯಾರ್ಥಿಗಳು ಮಾಡುವುದೇನು? ಒಂದೇ ಪತ್ರವನ್ನು ನೂರು ಪ್ರಾಧ್ಯಾಪಕರಿಗೆ ಒಂದೇ ದಿನ ಕಳುಹಿಸುತ್ತಾರೆ. ಅದರಲ್ಲಿ ಹೊಗಳಿಕೆಯಿರುತ್ತದೆ, ದೈನ್ಯವಿರುತ್ತದೆ; ವಿಷಯವಿರುವುದಿಲ್ಲ. ಅಂಥ ಪತ್ರಕ್ಕೆ ಉತ್ತರ ಬಾರದಿದ್ದರೆ ಆಶ್ಚರ್ಯವೇನು? ಅದರ ಬದಲಾಗಿ ಹತ್ತು ಮಂದಿಯನ್ನು ಆರಿಸಿಕೊಂಡು, ಪ್ರತಿಯೊಬ್ಬರ ಇತ್ತೀಚಿನ ಒಂದೆರಡು ಪ್ರಬಂಧಗಳನ್ನು ಓದಿ, ಅದರಲ್ಲಿ ತನಗೆ ತೋರಿದ ಪ್ರಶ್ನೆಯನ್ನೂ, ತಾನು ಇದುವರೆಗೆ ಮಾಡಿರುವ ಕೆಲಸವನ್ನೂ, ತನಗೆ ಬೇಕಾದುದನ್ನೂ ಒಂದು ಪುಟವನ್ನು ಮೀರದಂತೆ ಬರೆಯಬೇಕು. ಅಂಕಪಟ್ಟಿಯನ್ನೂ ವಿದ್ಯಾಭ್ಯಾಸದ ವಿವರವನ್ನೂ ಜೊತೆಗಿರಿಸಬೇಕು. ಎರಡು ವಾರಗಳಲ್ಲಿ ಉತ್ತರ ಬಾರದಿದ್ದರೆ ಒಮ್ಮೆ ವಿನಯದಿಂದ ಜ್ಞಾಪಿಸಬಹುದು. ಅದರ ಮೇಲೆ ಬಿಡುವುದು ಲೇಸು.

ಪರದೇಶದ ರೀತಿಗಳು

ಪರದೇಶಗಳೆಲ್ಲವೂ ಒಂದೇ ಬಗೆಯೆಂದು ಭಾವಿಸುವುದು ತಪ್ಪು. ಅಮೆರಿಕದಲ್ಲಿ ಸಾಮಾನ್ಯವಾಗಿ ವಿಭಾಗದ ಸಮಿತಿಯೊಂದು ಅರ್ಜಿಗಳನ್ನು ಪರಿಶೀಲಿಸಿ ವಿದ್ಯಾರ್ಥಿಗಳನ್ನು ಆರಿಸುತ್ತದೆ. ಬಹುಮಟ್ಟಿಗೆ ಡಿಸೆಂಬರ್ ಸುಮಾರಿಗೆ ಅರ್ಜಿಗಳು ಮುಗಿಯುವುವು. ತರಗತಿಯು ಮುಂದಿನ ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ಆರಂಭವಾಗುವುದು. ಅಂದರೆ ಎಂ.ಎಸ್‌ಸಿ. ಮುಗಿದ ಮೇಲೆ ಯೋಚಿಸಿದವನು ಆಗಲೇ ಒಂದು ವರ್ಷ ಹಿಂದೆ ಬಿದ್ದಿರುತ್ತಾನೆ. ವಿಭಾಗದಲ್ಲಿ ಪಾಠ ಹೇಳಿಯೋ ಪ್ರಯೋಗಶಾಲೆಯಲ್ಲಿ ದುಡಿದೋ ವೇತನವನ್ನು ಪಡೆಯುವುದು ಅಲ್ಲಿಯ ಕ್ರಮ. ಜರ್ಮನಿಯಲ್ಲಿಯಾದರೋ ಪಿಎಚ್.ಡಿ.ಯ ಸ್ಥಾನವು ಅನೇಕ ವೇಳೆ ಒಂದು ಉದ್ಯೋಗವೇ ಆಗಿರುತ್ತದೆ. ಪ್ರಾಧ್ಯಾಪಕರು ಅಥವಾ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳು ಜಾಗವನ್ನು ಪ್ರಕಟಿಸಿ, ಆರಿಸಿದವನೊಡನೆ ಕರಾರು ಮಾಡಿಕೊಳ್ಳುವರು. ಅಲ್ಲಿ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯು ಅವಶ್ಯಕ. ಬ್ರಿಟನ್ನಿನಲ್ಲಿ ಗೊತ್ತಾದ ಯೋಜನೆಗಳಿಗೆ ವಿದ್ಯಾರ್ಥಿವೇತನಗಳನ್ನು ಸೇರಿಸಿ ಪ್ರಕಟಿಸುವುದುಂಟು. ಪರದೇಶೀಯರಿಗೆ ಅವು ಮಿತವಾದುದರಿಂದ ಹಣದ ವಿಷಯವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳುವುದು ಯುಕ್ತ. ನಿಗದಿಯಾದ ಅರ್ಜಿಶುಲ್ಕವಿರುವುದು ಬೇರೆ ಮಾತು. ಆದರೆ ಸಂಶೋಧನಸ್ಥಾನವನ್ನು ಕೊಡಿಸುವೆವೆಂದು ಹಣ ಕೇಳುವ ಮಧ್ಯಸ್ಥರನ್ನು ನಂಬಿ ಮನೆಮಾರು ಅಡವಿಡುವುದು ಸರ್ವಥಾ ಸಲ್ಲದು.

ಡಾಕ್ಟರೇಟಿನ ಬಳಿಕ

ಪಿಎಚ್.ಡಿ. ಪಡೆದೊಡನೆ ಪ್ರಾಧ್ಯಾಪಕ ಪದವಿಯು ಕಾದಿರುತ್ತದೆಂಬ ನಂಬಿಕೆಯು ನಮ್ಮ ಗೃಹಸ್ಥರಲ್ಲಿ ಇನ್ನೂ ಉಂಟು. ವಸ್ತುಸ್ಥಿತಿಯು ಹಾಗಿಲ್ಲ. ಪದವಿಗೂ ಕಾಯಂ ಉದ್ಯೋಗಕ್ಕೂ ನಡುವೆ ಎರಡರಿಂದ ಐದಾರು ವರ್ಷಗಳವರೆಗೆ 'ಪೋಸ್ಟ್ ಡಾಕ್ಟರಲ್' ಎಂಬ ಒಂದು ಘಟ್ಟವನ್ನು ದಾಟಬೇಕಾಗಿದೆ. ನಮ್ಮ ಉಡುಪಿ ಸೀಮೆಯ ಯು. ಆರ್. ರಾವ್‌ರವರು ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿಯವರ ಬಳಿ ಡಾಕ್ಟರೇಟು ಮುಗಿಸಿ, ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿಯೂ ಆಮೇಲೆ ಟೆಕ್ಸಾಸಿನಲ್ಲಿಯೂ ಕೆಲಸ ಮಾಡಿ, ೧೯೬೬ರಲ್ಲಿ ಸ್ವದೇಶಕ್ಕೆ ಮರಳಿದರು. ೧೯೭೫ರಲ್ಲಿ ಆರ್ಯಭಟ ಉಪಗ್ರಹವನ್ನು ನಿರ್ಮಿಸಿದ ತಂಡಕ್ಕೆ ಅವರೇ ನಾಯಕರಾದರು. ಹೊರಗೆ ಕಲಿತುದು ಒಳಗೆ ಫಲಿಸಿತು.

ಈ ಸ್ಥಾನಗಳು ಬಹುಪಾಲು ದೊರೆಯುವುದು ಎರಡು ಬಗೆಯಾಗಿ: ಪ್ರಾಧ್ಯಾಪಕರು ತಮ್ಮ ಯೋಜನೆಯ ಹಣದಿಂದ ನೇಮಿಸಿಕೊಳ್ಳುವುದು ಒಂದು, ಅಭ್ಯರ್ಥಿಯೇ ವೃತ್ತಿವೇತನವನ್ನು ಗೆದ್ದುಕೊಂಡು ಹೋಗುವುದು ಇನ್ನೊಂದು. ನಮ್ಮ ದೇಶದಲ್ಲಿ ಎರಡು ವರ್ಷಗಳ ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ವೃತ್ತಿವೇತನವುಂಟು. ೨೦೨೩ರ ಕಾಯಿದೆಯಿಂದ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಅದರ ಹೊಣೆಯು ಬಂದಿದೆ. ಯೋಜನೆಗಳಲ್ಲಿ ಸಂಶೋಧನ ಸಹಾಯಕರಾಗಿ ಸೇರುವವರಿಗೆ ೨೦೨೩ರ ದರದಲ್ಲಿ ಮೊದಲ ಹಂತದಲ್ಲಿ ತಿಂಗಳಿಗೆ ೫೮,೦೦೦ ರೂಪಾಯಿ. ಯೂರೋಪಿನಲ್ಲಿ ಮೇರಿ ಕ್ಯೂರಿಯವರ ಹೆಸರಿನ ವೃತ್ತಿವೇತನ, ಜರ್ಮನಿಯಲ್ಲಿ ಹುಂಬೋಲ್ಟ್ ಪ್ರತಿಷ್ಠಾನದ ವೃತ್ತಿವೇತನ ಇವು ಪ್ರಸಿದ್ಧವಾದುವು. ಇವುಗಳಿಗೆ ಆತಿಥ್ಯ ನೀಡುವ ವಿದ್ವಾಂಸರ ಒಪ್ಪಿಗೆಯು ಮೊದಲೇ ಬೇಕಾದುದರಿಂದ, ಪ್ರಬಂಧವನ್ನು ಸಲ್ಲಿಸುವುದಕ್ಕೆ ಒಂದು ವರ್ಷ ಮುಂಚೆಯೇ ಪತ್ರವ್ಯವಹಾರವನ್ನು ಆರಂಭಿಸಬೇಕು. ಬರಿಯ ಗೌರವಕ್ಕಲ್ಲದೆ ನಿಜವಾಗಿ ತನ್ನ ಕೆಲಸವನ್ನು ಬಲ್ಲ ಮೂವರು ಹಿರಿಯರ ಶಿಫಾರಸುಗಳನ್ನೂ ಸಿದ್ಧಪಡಿಸಿಕೊಂಡಿರಬೇಕು.

ಆದರೂ ಸತ್ಯವನ್ನು ಮರೆಮಾಚಬಾರದು. ಪೋಸ್ಟ್ ಡಾಕ್ಟರಲ್ ಸ್ಥಾನಗಳಿಗಿಂತ ಕಾಯಂ ಸ್ಥಾನಗಳು ಕಡಿಮೆ. ಒಂದು ಕರಾರು ಮುಗಿದೊಡನೆ ಇನ್ನೊಂದು ಊರು, ಇನ್ನೊಂದು ಕರಾರು ಎಂದು ಅಲೆಯುತ್ತ ವಯಸ್ಸು ಕಳೆಯುವವರಿದ್ದಾರೆ. ಎರಡನೆಯ ಕರಾರನ್ನು ಒಪ್ಪುವ ಮುಂಚೆ ಕೈಗಾರಿಕೆ, ಔಷಧ ತಯಾರಿಕೆ, ಸರ್ಕಾರದ ಪ್ರಯೋಗಶಾಲೆಗಳು, ಬೋಧನೆ ಇವುಗಳನ್ನೂ ಸಮಾನ ಗೌರವದಿಂದ ಆಲೋಚಿಸುವುದು ಸೋಲಲ್ಲ, ವಿವೇಕ.

ಸ್ತ್ರೀಯರ ಪ್ರಶ್ನೆ

೧೯೩೩ರಲ್ಲಿ ಮುಂಬಯಿಯ ಪದವೀಧರೆ ಕಮಲಾ ಸೋಹೋನಿಯವರು ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಸ್ತ್ರೀ ಎಂಬ ಕಾರಣದಿಂದ ಆಗ ನಿರ್ದೇಶಕರಾಗಿದ್ದ ರಾಮನ್‌ರವರು ನಿರಾಕರಿಸಿದರು. ಆಕೆಯು ಹಿಂಜರಿಯದೆ ಬಂದು ಕೇಳಿ, ಪರೀಕ್ಷಾರ್ಥವಾಗಿ ಪ್ರವೇಶ ಪಡೆದು, ೧೯೩೯ರಲ್ಲಿ ಕೇಂಬ್ರಿಡ್ಜಿನ ಡಾಕ್ಟರೇಟನ್ನು ಗಳಿಸಿದರು. ನಮ್ಮವರೇ ಆದ ರಾಜೇಶ್ವರಿ ಚಟರ್ಜಿಯವರು ೧೯೪೭ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದಿಂದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ಡಾಕ್ಟರೇಟು ಪಡೆದು, ಮರಳಿ ಬೆಂಗಳೂರಿನ ಅದೇ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಇಂದು ಬಾಗಿಲಲ್ಲಿ ಅಂಥ ನಿರಾಕರಣೆಯಿಲ್ಲ. ೨೦೨೨ರ ನಿಯಮಗಳು ಸ್ತ್ರೀಯರಿಗೆ ಎರಡು ವರ್ಷಗಳ ಹೆಚ್ಚಿನ ಅವಧಿಯನ್ನೂ, ಹೆರಿಗೆ ಮತ್ತು ಶಿಶುಪಾಲನೆಗಾಗಿ ೨೪೦ ದಿನಗಳವರೆಗಿನ ರಜೆಯನ್ನೂ ಕೊಟ್ಟಿವೆ. ಇನ್ನುಳಿದಿರುವ ನಿರಾಕರಣೆಯು ಮನೆಯಲ್ಲಿರುವುದು. ಮಗನನ್ನು ಪರದೇಶಕ್ಕೆ ಕಳುಹಿಸಲು ಸಾಲ ಮಾಡುವ ತಂದೆಯು, ಮಗಳನ್ನು ವೇತನಸಹಿತವಾಗಿ ಕರೆಯುವ ಬೆಂಗಳೂರಿಗೆ ಕಳುಹಿಸಲು ಹಿಂಜರಿಯುವುದನ್ನು ನೋಡುತ್ತಿದ್ದೇವೆ.

ನಾಗರಿಕರ ಹೊಣೆ

ಇಷ್ಟನ್ನು ವಿದ್ಯಾರ್ಥಿಗಳಿಗೆ ಹೇಳಿದ ಮೇಲೆ ಹಿರಿಯರಿಗೂ ಹೇಳಬೇಕಾದುದಿದೆ. ಪ್ರತಿಯೊಂದು ವಿಜ್ಞಾನ ಕಾಲೇಜಿನಲ್ಲಿಯೂ ಈ ಪರೀಕ್ಷೆಗಳ, ವೃತ್ತಿವೇತನಗಳ ದಿನಾಂಕಗಳನ್ನು ಬರೆದು ತೂಗುಹಾಕುವುದಕ್ಕೆ ಒಂದು ಹಲಗೆಯೂ ಒಬ್ಬ ಅಧ್ಯಾಪಕರೂ ಸಾಕು. ಅರ್ಜಿಶುಲ್ಕಕ್ಕೂ ಸಂದರ್ಶನದ ಪ್ರಯಾಣಕ್ಕೂ ನೆರವಾಗುವ ಸಣ್ಣ ನಿಧಿಯನ್ನು ಊರಿನ ಸಂಘಗಳು ಇಡಬಹುದು. ಸರ್ಕಾರವು ವೃತ್ತಿವೇತನವನ್ನು ಘೋಷಿಸಿದರೆ ಸಾಲದು; ತಿಂಗಳು ತಿಂಗಳೂ ತಪ್ಪದೆ ಕೈಗೆ ಸೇರಿಸಬೇಕು. ೨೦೧೮ರ ಕೊನೆಯಲ್ಲಿ ದೇಶದ ಸಂಶೋಧಕರು ಬೀದಿಗಿಳಿದು ಕೇಳಿದ ಮೇಲೆಯೇ ೨೫,೦೦೦ ರೂಪಾಯಿಗಳಿದ್ದ ವೇತನವು ೨೦೧೯ರ ಆರಂಭದಲ್ಲಿ ೩೧,೦೦೦ಕ್ಕೆ ಏರಿತೆಂಬುದು ಮರೆಯತಕ್ಕ ಸಂಗತಿಯಲ್ಲ. ಸಂಬಳದ ಕಾಗದಗಳಿಗೆ ಸಹಿ ಹಾಕುವ ಅಧಿಕಾರಿಗಳು, ತಮ್ಮ ಮೇಜಿನ ಮೇಲೆ ತಡೆದಿರುವ ಪ್ರತಿಯೊಂದು ಕಡತವೂ ಯಾವನೋ ಒಬ್ಬ ಸಂಶೋಧಕನ ಊಟವೆಂದು ನೆನೆಯಬೇಕು.

ರಾಮಾನುಜನ್‌ರವರ ಪತ್ರದ ಕಥೆಯನ್ನು ಎಲ್ಲರೂ ಹೇಳುತ್ತಾರೆ; ಪತ್ರಕ್ಕೆ ಮುಂಚಿನ ಕಥೆಯನ್ನು ಹೇಳುವವರು ಕಡಿಮೆ. ನೆಲ್ಲೂರಿನ ಕಲೆಕ್ಟರಾಗಿದ್ದ ರಾಮಚಂದ್ರರಾಯರು ಕೆಲಸವಿಲ್ಲದ ಆ ತರುಣನಿಗೆ ಕೆಲವು ಕಾಲ ತಿಂಗಳಿಗೆ ೨೫ ರೂಪಾಯಿಗಳನ್ನು ತಮ್ಮ ಕೈಯಿಂದಲೇ ಕೊಟ್ಟರು. ಪೋರ್ಟ್ ಟ್ರಸ್ಟಿನ ನಾರಾಯಣ ಅಯ್ಯರ್‌ರವರೂ ಅದರ ಅಧ್ಯಕ್ಷರಾದ ಸರ್ ಫ್ರಾನ್ಸಿಸ್ ಸ್ಪ್ರಿಂಗ್‌ರವರೂ ಗುಮಾಸ್ತನ ಲೆಕ್ಕಗಳನ್ನು ಕಚೇರಿಯ ವೇಳೆಯ ಅಪವ್ಯಯವೆಂದು ಗದರಿಸದೆ ಬೆಂಬಲಿಸಿದರು. ಮದರಾಸು ವಿಶ್ವವಿದ್ಯಾನಿಲಯವು ಪದವಿಯಿಲ್ಲದ ಅವರಿಗೆ ೧೯೧೩ರಲ್ಲಿ ತಿಂಗಳಿಗೆ ೭೫ ರೂಪಾಯಿಗಳ ಸಂಶೋಧನ ವೃತ್ತಿವೇತನವನ್ನು ಮಂಜೂರು ಮಾಡಿತು. ಇವರಲ್ಲಿ ಯಾರೊಬ್ಬರೂ ಆ ಗಣಿತವನ್ನು ಪೂರ್ಣವಾಗಿ ಅರಿತಿರಬೇಕಾದುದಿಲ್ಲ; ಅರಿಯಬಲ್ಲವರ ಬಳಿಗೆ ಅದು ತಲುಪಬೇಕೆಂಬುದನ್ನು ಅರಿತಿದ್ದರು.

ನಮ್ಮ ಊರುಗಳಲ್ಲಿಯೂ ಅಂಥ ಅಧಿಕಾರಿಗಳಿದ್ದಾರೆ, ಅಂಥ ಗೃಹಸ್ಥರಿದ್ದಾರೆ. ಈ ವರ್ಷ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಮನೆಗೆ ಬಂದಿರುವ ಹುಡುಗನನ್ನೋ ಹುಡುಗಿಯನ್ನೋ ಕರೆದು, 'ಮುಂದಿನ ಅರ್ಜಿಯ ಕೊನೆಯ ದಿನ ಯಾವುದು, ಗೊತ್ತೇ?' ಎಂದು ಅವರು ಒಂದು ಮಾತು ಕೇಳಿದರೆ ಸಾಕು. ಉಳಿದ ದಾರಿಯನ್ನು ಆ ಮಕ್ಕಳೇ ನಡೆದುಕೊಳ್ಳುವರು.